ಟೈರಿನ ಅಂಚಿಗೆ ಹಾಕಿದ ಪಂಚರ್

ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿಯಾದರೆ ಅದು ಮೊದಲು ಗೊತ್ತಾಗುವುದು ಹಿಂದೆ ಕೂತವರಿಗೆ. ಬೈಕು ಓಡಿಸುವವರು ಇದನ್ನು ಒಪ್ಪುವುದಿಲ್ಲ. ನಮ್ಮ ಯಜಮಾನರಂತೂ ಇಷ್ಟು ವರ್ಷಗಳಲ್ಲಿ ಒಂದು ಸಲವೂ ಒಪ್ಪಿದ್ದಿಲ್ಲ. "ರೀ, ಹಿಂದೆ ಯಾಕೋ ಓಲಾಡ್ತಿದೆ" ಅಂದರೆ "ನೀನು ಸರಿಯಾಗಿ ಕೂತ್ಕೋ ಮಾರಾಯ್ತಿ" ಅನ್ನುತ್ತಾರೆ. ಇನ್ನಷ್ಟು ದೂರ ಹೋದ ಮೇಲೆ ಅವರ ಕೈಗೂ ಹ್ಯಾಂಡಲ್ ಎಳೆದಂತಾಗುತ್ತದೆ. ಆಗ ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಚಕ್ರವನ್ನು ಬೂಟಿನಿಂದ ಒದ್ದು ನೋಡಿ, ತಾವೇ ಕಂಡುಹಿಡಿದವರ ಹಾಗೆ "ಪಂಚರ್ ಆಗಿದೆ" ಎಂದು ನನಗೇ ವರದಿ ಒಪ್ಪಿಸುತ್ತಾರೆ. ನಾನು ಏನೂ ಅನ್ನುವುದಿಲ್ಲ. ಅನ್ನದೆ ಇರುವುದೇ ಅವರಿಗೆ ಹೆಚ್ಚು ಚುಚ್ಚುತ್ತದೆ ಎಂದು ನನಗೆ ಗೊತ್ತು.

ನಾವಿರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ. ಅವರು ಆಗ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿದ್ದರು. ನನ್ನದು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಗುಮಾಸ್ತಿಕೆ. ಬೆಳಿಗ್ಗೆ ಒಟ್ಟಿಗೆ ಹೊರಡುತ್ತಿದ್ದೆವು. ಮಲವಗೊಪ್ಪ ದಾಟಿ ಭದ್ರಾವತಿಯವರೆಗೆ ಬೈಕಿನಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ನನ್ನನ್ನು ಇಳಿಸಿ ಅವರು ಫೌಂಡ್ರಿಗೆ ಹೋದರೆ, ನಾನು ಶಂಕರಘಟ್ಟದ ಬಸ್ಸು ಹತ್ತುತ್ತಿದ್ದೆ. ಸಂಜೆ ಅದೇ ಜಾಗದಲ್ಲಿ ಅವರು ಹೆಲ್ಮೆಟ್ ತೆಗೆಯದೆ ಕಾಯುತ್ತಾ ನಿಂತಿರುತ್ತಿದ್ದರು.

ಶಿವಮೊಗ್ಗದಿಂದ ಶಂಕರಘಟ್ಟಕ್ಕೆ ನೇರ ಬಸ್ಸಿದೆ. ನಮ್ಮ ಆಫೀಸಿನವರೆಲ್ಲ ಅದರಲ್ಲೇ ಬರುವುದು. "ನೀವ್ಯಾಕೆ ಮೇಡಂ ಅರ್ಧ ದಾರಿ ಬೈಕು, ಅರ್ಧ ದಾರಿ ಬಸ್ಸು ಅಂತ ಒದ್ದಾಡ್ತೀರ?" ಎಂದು ಕೇಳಿದರೆ, ನಮ್ಮನೆ ಹತ್ತಿರ ಬಸ್ಸು ನಿಲ್ಲುವುದಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜ ಏನೆಂದರೆ ನಮ್ಮವರು ಮನೆಯಲ್ಲಿ ಮಾತಾಡುವುದಿಲ್ಲ. ಪೇಪರು, ಟಿವಿ, ಊಟ, ನಿದ್ದೆ, ನಡುವೆ ಒಂದೆರಡು "ಹ್ಞೂಂ". ಬೈಕು ಏರಿದರೆ ಮಾತ್ರ ಬಾಯಿ ಬಿಚ್ಚುತ್ತಾರೆ. ನನ್ನ ಮುಖ ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯವೋ ಏನೋ. ಮಗಳನ್ನು ಮದುವೆ ಮಾಡಿಕೊಟ್ಟ ವಾರ ಅವರು ಒಳಗೊಳಗೇ ಎಷ್ಟು ಅತ್ತಿದ್ದರು ಎನ್ನುವುದು ನನಗೆ ತಿಳಿದದ್ದು ನಿದಿಗೆಯ ಕೆರೆಯ ಹತ್ತಿರ. ಹೆಲ್ಮೆಟ್ಟಿನೊಳಗಿಂದ ಕೂಗಿ ಹೇಳಿದ್ದರು, ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯವನಿಗೂ ಕೇಳಿಸಿರಬೇಕು. ಬಸ್ಸು ಹತ್ತಿದರೆ ಇದೆಲ್ಲ ಎಲ್ಲಿ ಸಿಗುತ್ತದೆ? ಹಾಗಾಗಿ ಬಿಸಿಲೋ ಚಳಿಯೋ, ಸೊಂಟ ಹಿಡಿದುಕೊಂಡರೂ ಸರಿ, ನಾನು ಆ ಹಿಂದಿನ ಸೀಟು ಬಿಟ್ಟವಳಲ್ಲ.

ನಮ್ಮ ಪಂಚರ್‌ಗಳೆಲ್ಲ ಮಲವಗೊಪ್ಪದ ಹತ್ತಿರದ ಒಂದೇ ಅಂಗಡಿಯಲ್ಲಿ. ಅಂಗಡಿಯವರನ್ನು ಭಾಯ್ ಎಂದೇ ಕರೆಯುವುದು. ಅರವತ್ತು ದಾಟಿದ ಮನುಷ್ಯ, ಗಡ್ಡ ಬೆಳ್ಳಗಾಗಿದೆ, ಕೈ ಮಾತ್ರ ಯಾವಾಗಲೂ ಕಪ್ಪು. ಈಗಿನ ಬೈಕುಗಳ ಟೈರಿಗೆ ಟ್ಯೂಬ್ ಇರುವುದಿಲ್ಲವಲ್ಲ, ಚಕ್ರ ಬಿಚ್ಚುವ ಗೋಜಿಲ್ಲ. ಭಾಯ್ ಇಕ್ಕಳದಲ್ಲಿ ಮೊಳೆ ಕಿತ್ತು, ಒಂದು ದಬ್ಬಳವನ್ನು ತೂತಿನೊಳಗೆ ನಾಲ್ಕು ಸಲ ಆಡಿಸಿ ಒರಟು ಮಾಡುತ್ತಾರೆ. ಇನ್ನೊಂದು ದಬ್ಬಳದ ಕಣ್ಣಿಗೆ ದೀಪದ ಬತ್ತಿಯಂಥ ಅಂಟು ರಬ್ಬರಿನ ಪಟ್ಟಿ ಪೋಣಿಸಿ, ಮೈಭಾರ ಬಿಟ್ಟು ಒಳಗೆ ತಳ್ಳಿ, ಸರಕ್ಕನೆ ಎಳೆಯುತ್ತಾರೆ. ದಬ್ಬಳ ಹೊರಗೆ ಬರುತ್ತದೆ, ಪಟ್ಟಿ ತೂತನ್ನು ಮುಚ್ಚಿಕೊಂಡು ಒಳಗೇ ಉಳಿಯುತ್ತದೆ. ಹೊರಗಿನ ಬಾಲ ಕತ್ತರಿಸಿ, ಗಾಳಿ ಹೊಡೆದು, ಸೋಪಿನ ನೀರು ಸವರಿ, ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಮುಗಿಯಿತು.

ಆದರೆ ಭಾಯ್ ನನ್ನನ್ನು ತಕ್ಷಣ ಹತ್ತಲು ಬಿಡುತ್ತಿರಲಿಲ್ಲ. "ಅಮ್ಮಾ, ನೀವು ಕೂತಿರಿ. ಸಾಹೇಬ್ರು ಒಂದು ರೌಂಡ್ ಖಾಲಿ ಹೋಗಿ ಬರ್ಲಿ" ಅನ್ನುವರು. ಯಜಮಾನರು ಪರೀಕ್ಷೆಗೆ ಹೋಗುವ ಹುಡುಗನ ಮುಖ ಮಾಡಿಕೊಂಡು ಒಬ್ಬರೇ ಅಷ್ಟು ದೂರ ಹೋಗಿ ತಿರುಗಿ ಬರಬೇಕು. ಬಂದ ಮೇಲೆ ಮತ್ತೊಮ್ಮೆ ಸೋಪಿನ ನೀರು. ಆಮೇಲೆಯೇ ನನಗೆ ಅಪ್ಪಣೆ. ಹಿಂದೆ ಹೆಂಗಸರು, ಮಕ್ಕಳು ಇದ್ದರೆ ಎಲ್ಲರಿಗೂ ಅವರದು ಇದೇ ನೇಮ. ನನಗಂತೂ ಆ ಹತ್ತು ನಿಮಿಷ ಯಾರೋ ನನ್ನ ಪರವಾಗಿ ನಿಂತಿದ್ದಾರೆ ಎನ್ನಿಸಿ ಖುಷಿಯಾಗುತ್ತಿತ್ತು.

ಆ ವರ್ಷ ಹಿಂದಿನ ಟೈರಿಗೆ ಮೂರು ಪಂಚರ್ ಆಗಿದ್ದವು. ಮೂರೂ ನಟ್ಟನಡುವೆ, ದೂರದೂರ. ಒಂದೂ ತೊಂದರೆ ಕೊಡಲಿಲ್ಲ. "ನಡುವೆ ಹಾಕಿದ್ದು ಪಕ್ಕಾ ನಿಲ್ಲುತ್ತೆ ಅಮ್ಮಾ, ರೋಡೇ ಅದನ್ನ ಒತ್ತಿ ಒತ್ತಿ ಕೂರಿಸುತ್ತೆ" ಎಂದು ಭಾಯ್ ಹೇಳಿದ್ದರು. ನಾಲ್ಕನೆಯದು ಮಳೆಗಾಲ ಮುಗಿಯುತ್ತಾ ಬಂದಾಗ ಆಯಿತು. ಯಾವುದೋ ತಗಡಿನ ಚೂರು ನಡುವೆ ಬಿಟ್ಟು ಅಂಚಿಗೆ ಹೊಕ್ಕಿತ್ತು. ಟೈರು ನೆಲ ಬಿಟ್ಟು ಮೇಲಕ್ಕೆ ಬಾಗುತ್ತದಲ್ಲ, ಆ ತಿರುವಿನಲ್ಲಿ. ಭಾಯ್ ಇಕ್ಕಳ ಕೈಗೆ ತೆಗೆದುಕೊಂಡವರು ಹಾಗೇ ಕೆಳಗಿಟ್ಟರು.

"ಇದಕ್ಕೆ ಹಾಕಲ್ಲ ಸಾಬ್. ಟೈರ್ ಬದಲಾಯಿಸಿ."

"ಯಾಕೆ? ಮೂರು ಹಾಕಿದ್ದೀಯಲ್ಲ."

"ಅದು ನಡುವೆ. ಇದು ಸೈಡು. ಸೈಡು ಓಡ್ತಾ ಓಡ್ತಾ ಬಗ್ಗುತ್ತೆ, ಏಳುತ್ತೆ. ಬಗ್ಗಿದಾಗೆಲ್ಲ ತೂತು ಬಾಯಿ ಬಿಡುತ್ತೆ. ಪಟ್ಟಿ ಎಷ್ಟು ದಿನ ಹಿಡ್ಕೊಳ್ಳುತ್ತೆ ಹೇಳಿ? ಅಮ್ಮ ಬೇರೆ ಹಿಂದೆ ಕೂರ್ತಾರೆ. ಬಿಲ್ಕುಲ್ ಆಗಲ್ಲ."

ಯಜಮಾನರ ಮುಖ ಕೆಂಪಾಯಿತು. ಅದಕ್ಕೆ ಕಾರಣವಿದೆ. ಫೌಂಡ್ರಿಯಲ್ಲಿ "ಇದು ಬೇಡ" ಅನ್ನುವುದೇ ಅವರ ಕೆಲಸ. ಎರಕ ಹೊಯ್ದ ಕಬ್ಬಿಣದ ಭಾಗಗಳು ಅವರ ಮೇಜಿಗೆ ಬರುತ್ತವೆ. ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕೇಳಿ, ಬೆರಳಾಡಿಸಿ ನೋಡುತ್ತಾರೆ. ಎರಕದಲ್ಲಿ ಗಾಳಿ ಸಿಕ್ಕಿ ತೂತು ಉಳಿದಿದ್ದರೆ ಕೆಲವರು ಅದಕ್ಕೆ ಅಂಟುಮಣ್ಣಿನಂಥ ಲಪ್ಪ ತುಂಬಿ, ಮೇಲೆ ಕಪ್ಪು ಉಜ್ಜಿ, ಏನೂ ಆಗಿಲ್ಲ ಎನ್ನುವ ಹಾಗೆ ಕಳಿಸುತ್ತಾರೆ. ಅಂಥದ್ದನ್ನು ಹಿಡಿಯುವುದರಲ್ಲಿ ನಮ್ಮವರು ಎತ್ತಿದ ಕೈ. ಹಿಡಿದ ಕೂಡಲೇ ಕೆಂಪು ಬಣ್ಣದಲ್ಲಿ ಒಂದು ಇಂಟು ಗುರುತು. ಅದು ಬಿದ್ದ ಮೇಲೆ ಆ ಭಾಗಕ್ಕೆ ಮತ್ತೆ ಕುಲುಮೆಯೇ ಗತಿ, ಕರಗಿ ಹೊಸದಾಗಬೇಕು. ಫೌಂಡ್ರಿಯ ಮಾಲೀಕರೇ ಬಂದು ನಿಂತು "ಈ ಒಂದು ಸಲ ಒರೆಸಿಬಿಡಿ, ಗಾಡಿ ಕಾಯ್ತಿದೆ" ಅಂದಾಗಲೂ ಒರೆಸಿದವರಲ್ಲ. ಮೂವತ್ತು ವರ್ಷ ಬೇರೆಯವರ ಕೆಲಸವನ್ನು ತಿರುಗಿ ಕಳಿಸಿದ ಮನುಷ್ಯನಿಗೆ ರಸ್ತೆ ಬದಿಯಲ್ಲಿ ಒಬ್ಬರು "ಆಗಲ್ಲ" ಅಂದುಬಿಟ್ಟರು. ಸುಮ್ಮನಿರುತ್ತಾರೆಯೇ? "ಗಾಳಿ ಹೊಡಿ ಸಾಕು" ಎಂದು ಬಿಗಿಯಾಗಿ ಹೇಳಿ, ಅಷ್ಟು ಮಾಡಿಸಿಕೊಂಡು ಹೊರಟರು. ಭಾಯ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು.

ಭಾನುವಾರ ಅಂಗಳದಲ್ಲಿ ಪೇಪರು ಹಾಸಿ, ದಬ್ಬಳ, ಇಕ್ಕಳ, ಪಟ್ಟಿ ಎಲ್ಲ ಸಾಲಾಗಿ ಜೋಡಿಸಿಕೊಂಡು ಯಜಮಾನರೇ ಪಂಚರ್ ಹಾಕಿದರು. ಕೆಲಸ ಚೊಕ್ಕವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಸೋಪಿನ ನೀರು ಸವರಿ ನನ್ನನ್ನು ಅಡುಗೆಮನೆಯಿಂದ ಕರೆದರು.

"ಬಾ, ಒಂದು ಗುಳ್ಳೆ ತೋರ್ಸು ನೋಡೋಣ."

ಬಗ್ಗಿ ನೋಡಿದೆ. ಒಂದೂ ಇರಲಿಲ್ಲ. "ನಿಂತಾಗ ಇಲ್ಲ ರೀ. ಭಾಯ್ ಹೇಳಿದ್ದು ಓಡುವಾಗಿನ ಮಾತು" ಅಂದೆ. ಅವರು ಪೇಪರು ಮಡಿಸತೊಡಗಿದರು.

ಮಾರನೆಯ ದಿನ ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳಿದೆ. ಟೈರಿನ ವಿಷಯದಲ್ಲಿ ಎಲ್ಲರೂ ಪಂಡಿತರೇ ಎಂದು ಅವತ್ತು ಗೊತ್ತಾಯಿತು. ಒಮ್ಮೆ ಹಾಕಿದ ಪಟ್ಟಿ ಟೈರು ಸವೆಯುವವರೆಗೂ ಬರುತ್ತದೆ ಎಂದು ಒಬ್ಬರು. ಮನೆ ಸೇರುವವರೆಗೆ ಮಾತ್ರ, ಆಮೇಲೆ ಚಕ್ರ ಬಿಚ್ಚಿ ಒಳಗಿನಿಂದ ತೇಪೆ ಹಾಕಿಸಲೇಬೇಕು ಎಂದು ಇನ್ನೊಬ್ಬರು. ಅದ್ಯಾವುದೋ ಹಸಿರು ದ್ರವ ಸುರಿಯಿರಿ, ಮೊಳೆಯೇ ಹೆದರಿ ಓಡುತ್ತದೆ ಎಂದು ಮೂರನೆಯವರು. ಆದರೆ ಅಂಚಿನ ಮಾತು ಎತ್ತಿದಾಗ ಮೂವರೂ ತಮ್ಮ ತಮ್ಮ ಫೈಲಿಗೆ ತಲೆ ಹಾಕಿದರು. ನಾಲ್ಕನೆಯವಳು, ನನ್ನ ಪಕ್ಕದ ಮೇಜಿನವಳು, ಪೆನ್ನು ಕೆಳಗಿಟ್ಟು, "ನಮ್ ಬಸ್ಸಿಗೆ ಬಂದ್ಬಿಡಿ ಅಕ್ಕ" ಅಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಯಾಕೋ ಸಿಟ್ಟು ಬಂತು.

ನಾಲ್ಕು ದಿನ ಏನೂ ಆಗಲಿಲ್ಲ. ದಿನವೂ ಮಲವಗೊಪ್ಪ ದಾಟುವಾಗ ಯಜಮಾನರು ಭಾಯ್ ಅಂಗಡಿಯ ಮುಂದೆ ಬೇಕೆಂದೇ ಒಂದು ಹಾರ್ನ್ ಹಾಕುತ್ತಿದ್ದರು. ಐದನೆಯ ದಿನ, ಶುಕ್ರವಾರ, ನಿದಿಗೆ ದಾಟಿದ ಮೇಲೆ ನನ್ನ ಕೆಳಗೆ ಸೀಟು ಎಡಕ್ಕೂ ಬಲಕ್ಕೂ ಜಾರಿದಂತಾಯಿತು.

"ರೀ..."

"ಕೂತ್ಕೋ ಸರಿಯಾಗಿ."

ಅಷ್ಟರಲ್ಲಿ ಹಿಂದಿನ ಚಕ್ರ ತನ್ನ ಪಾಡಿಗೆ ತಾನು ಹೊರಟಿತು. ಬೈಕು ಹಾವಿನ ಹಾಗೆ ಹೊರಳಿತು. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ನಾನು ಅವರ ಶರ್ಟನ್ನು ಎರಡು ಕೈಯಲ್ಲೂ ಹಿಡಿದೆ. ಗುಂಡಿ ಕಿತ್ತದ್ದು ಗೊತ್ತಾಯಿತು. ಅವರು ಬ್ರೇಕು ಒತ್ತದೆ, ವೇಗ ತಾನಾಗಿ ಇಳಿಯಲು ಬಿಟ್ಟು, ಹೇಗೋ ಮಣ್ಣಿನ ಬದಿಗೆ ತಂದು ನಿಲ್ಲಿಸಿದರು. ಲಾರಿ ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ಹೋಯಿತು. ನನ್ನ ಒಂದು ಚಪ್ಪಲಿ ರಸ್ತೆಯ ನಡುವೆ ಬಿದ್ದಿತ್ತು. ನಾನು ಸೀಟಿನಿಂದ ಇಳಿಯಲೇ ಇಲ್ಲ. ಅವರೇ ಹೋಗಿ ಚಪ್ಪಲಿ ತಂದು, ಕೂತು, ನನ್ನ ಕಾಲಿಗೆ ಹಾಕಿದರು. ಅಂಚಿನ ಪಟ್ಟಿ ಅರ್ಧ ಹೊರಗೆ ಬಂದು ನಾಲಗೆ ಚಾಚಿತ್ತು.

ಇಲ್ಲಿಗೆ ಬುದ್ಧಿ ಬಂತು ಎಂದುಕೊಂಡೆ. ಎಲ್ಲಿಯದು! ಶನಿವಾರ ಸಂಜೆ ನೋಡಿದರೆ ಅವರು ಮತ್ತೆ ಅಂಗಳದಲ್ಲಿ ಪೇಪರು ಹಾಸಿಕೊಂಡಿದ್ದಾರೆ.

"ಪಟ್ಟಿ ಹಳೇದು ಅದು. ಈ ಸಲ ಎರಡು ಜೋಡಿಸಿ ಹಾಕ್ತೀನಿ. ಅಲ್ಲಾಡಲ್ಲ."

"ಟೈರು ಬದಲಾಯಿಸೋಕೆ ಏನು ಕಷ್ಟ ನಿಮಗೆ?"

ಅವರು ತಲೆ ಎತ್ತಲಿಲ್ಲ. "ಮಾರ್ಚಿಗೆ ರಿಟೈರ್ ಆಗ್ತೀನಲ್ಲ. ಆರು ತಿಂಗಳಿಗೆ ಹೊಸ ಟೈರ್ ಯಾಕೆ? ಆಮೇಲೆ ಬೈಕು ಮೂಲೆ ಸೇರೋದೇ."

ಅವರು ಮಾರ್ಚಿಗೆ ನಿವೃತ್ತರಾಗುತ್ತಾರೆ ಎಂದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದರ ಜೊತೆಗೆ ಈ ಸವಾರಿಯೂ ಮುಗಿಯುತ್ತದೆ ಎಂದು ಒಂದು ದಿನವೂ ಕೂಡಿ ನೋಡಿರಲಿಲ್ಲ. ನನಗಿನ್ನೂ ನಾಲ್ಕು ವರ್ಷ ಸರ್ವಿಸ್ ಇತ್ತು. ಅವರು ಆಗಲೇ ಎಲ್ಲ ಲೆಕ್ಕ ಹಾಕಿ, ನಮ್ಮ ಮಾತುಕತೆಯನ್ನೂ ಬೈಕಿನ ಜೊತೆಗೆ ಮೂಲೆಗೆ ನಿಲ್ಲಿಸಿಬಿಟ್ಟಿದ್ದರು. ಲಾರಿ ಪಕ್ಕದಲ್ಲಿ ಹಾದಾಗ ಆಗದಷ್ಟು ನೋವು ಆ ಮಾತಿಗೆ ಆಯಿತು.

"ಹಾಗಾದ್ರೆ ನನ್ನ ಪ್ರಾಣಾನೂ ಮಾರ್ಚಿನವರೆಗೆ ಸಾಕು ಅನ್ನಿ" ಅಂದೆ. ಅಂದ ಮೇಲೆ ಹೆಚ್ಚಾಯಿತು ಅನ್ನಿಸಿತು. ಮಾತು ಹಿಂದಕ್ಕೆ ಮಾತ್ರ ತೆಗೆದುಕೊಳ್ಳಲಿಲ್ಲ. ಅವರು ಎರಡು ಪಟ್ಟಿಯನ್ನೂ ಪೋಣಿಸಿ, ಹಲ್ಲು ಕಚ್ಚಿ ಒಳಗೆ ತಳ್ಳಿದರು.

ಭಾನುವಾರ ಬೆಳಿಗ್ಗೆ ಅವರು ತರಕಾರಿ ತರಲು ನಡೆದುಕೊಂಡು ಹೋದಾಗ ನಾನು ಬಚ್ಚಲ ಹಿಂದಿನ ಕಪಾಟು ತೆಗೆದೆ. ಗೇಟಿಗೆ ಮನೆ ನಂಬರು ಬರೆಯಲೆಂದು ಫೌಂಡ್ರಿಯಿಂದ ತಂದಿದ್ದ ಕೆಂಪು ಬಣ್ಣದ ಡಬ್ಬಿ ಅಲ್ಲಿತ್ತು. ಮುಚ್ಚಳ ಅಂಟಿಕೊಂಡಿತ್ತು, ದೋಸೆ ಮೊಗಚುವ ಸಟ್ಟುಗದಿಂದ ಎಬ್ಬಿಸಿದೆ. ಅಂಗಳಕ್ಕೆ ಬಂದು ಬೈಕಿನ ಹಿಂದೆ ಕೂತು, ಅವರು ಎರಡು ಪಟ್ಟಿ ತುರುಕಿದ್ದ ಜಾಗಕ್ಕೆ, ಕಪ್ಪು ಟೈರಿನ ಮೇಲೆ, ಅಂಗೈಯಗಲ ಒಂದು ಇಂಟು ಗುರುತು ಹಾಕಿದೆ. ಬಣ್ಣ ಸೋರಿ ಸೀರೆಯ ಅಂಚಿಗೂ ತಗುಲಿತು. ಮೂವತ್ತು ವರ್ಷ ಮೇಷ್ಟರ ಹಾಗೆ ಎಲ್ಲರಿಗೂ ಗುರುತು ಹಾಕಿದವರಿಗೆ ಈಗ ನಾನು ಹಾಕಿದ್ದೆ. ಡಬ್ಬಿಯನ್ನು ಅದರ ಜಾಗಕ್ಕೇ ಇಟ್ಟು ಕೈ ತೊಳೆದೆ.

ಅವರು ಅದನ್ನು ನೋಡಿದ್ದು ಸೋಮವಾರ ಬೆಳಿಗ್ಗೆ. ಹೆಲ್ಮೆಟ್ ಹಾಕಿಕೊಂಡು ಬೈಕನ್ನು ಸ್ಟ್ಯಾಂಡಿನಿಂದ ಇಳಿಸಲು ಹೋದವರು ಹಾಗೇ ನಿಂತರು. ನಾನು ಬುತ್ತಿಯ ಚೀಲ ಹಿಡಿದು ಮೆಟ್ಟಿಲ ಮೇಲಿದ್ದೆ. ಅವರು ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು. ಒಣಗಿತ್ತು.

"ಯಾರು ಹಾಕಿದ್ದು?"

"ಇನ್‌ಸ್ಪೆಕ್ಷನ್‌ನವರು."

ಅವರು ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು ಬಚ್ಚಲ ಕಡೆ ಹೋದರು. ಬರುವಾಗ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಟ್ಟೆಯ ಚೂರು. ಒರೆಸಲು ಬಂದರು ಎಂದುಕೊಂಡೆ. ಒರೆಸಿದರೆ ಇನ್ನು ಈ ಬೈಕು ಹತ್ತುವುದಿಲ್ಲ, ಇವತ್ತಿನಿಂದಲೇ ನೇರ ಬಸ್ಸು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಅವರು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಬಟ್ಟೆಯಿಂದ ಡಬ್ಬಿಯ ಬಾಯಿ ಒರೆಸಿ, ಜೇಬಿನಿಂದ ಬ್ರಷ್ ತೆಗೆದು ಅದ್ದಿದರು.

"ನೀನು ಹಾಕಿದ್ದು ಓರೆ ಆಗಿದೆ" ಅಂದರು. "ಎರಡೂ ಗೆರೆ ತೂತಿನ ಮೇಲೇ ಕೂಡ್ಬೇಕು. ಇಲ್ದಿದ್ರೆ ಯಾವ ತಪ್ಪಿಗೆ ಹಾಕಿದ್ದು ಅಂತ ಗೊತ್ತಾಗಲ್ಲ."

ಹೀಗೆ ಹೇಳಿ, ತಾವೇ ಹಾಕಿದ ಪಂಚರಿನ ಮೇಲೆ, ತಮ್ಮ ಕೈಯಾರೆ, ನೇರವಾದ ಎರಡು ಗೆರೆ ಎಳೆದರು. ಫೋನು ತೆಗೆದು ಫೌಂಡ್ರಿಗೆ ಇವತ್ತು ರಜೆ ಎಂದರು. ನನ್ನ ಕಡೆ ತಿರುಗದೆ, "ಇವತ್ತೊಂದು ದಿನ ಬಸ್ಸಿಗೆ ಹೋಗು ಮಾರಾಯ್ತಿ" ಅಂದರು. ನಾನು ನೇರ ಬಸ್ಸಿನಲ್ಲಿ ಹೋದೆ. ಪಕ್ಕದ ಮೇಜಿನವಳು ಜಾಗ ಹಿಡಿದುಕೊಟ್ಟಳು, ದಾರಿಯುದ್ದಕ್ಕೂ ಮಾತಾಡಿದಳು. ಅವಳು ಹೇಳಿದ್ದು ಒಂದೂ ನೆನಪಿಲ್ಲ.

ಸಂಜೆ ಬಂದಾಗ ಬೈಕಿಗೆ ಹೊಸ ಟೈರು ಬಂದಿತ್ತು. ಮೈಮೇಲಿನ ರಬ್ಬರಿನ ಕೂದಲೂ ಉದುರಿರಲಿಲ್ಲ. ನಾನು ನೋಡಿದೆ, ಅವರು ಪೇಪರು ಓದಿದರು. ಅಷ್ಟೆ.

ಮಂಗಳವಾರ ಮಲವಗೊಪ್ಪದಲ್ಲಿ ಗಾಳಿ ನೋಡಿಸಲು ನಿಲ್ಲಿಸಿದರು. ಯಜಮಾನರು ಪಕ್ಕದ ಅಂಗಡಿಗೆ ಟೀ ಹೇಳಲು ಹೋದಾಗ ಭಾಯ್ ನನ್ನ ಹತ್ತಿರ ಬಂದರು. ಗಡ್ಡದೊಳಗೆ ನಗುತ್ತಿದ್ದರು.

"ನಿನ್ನೆ ಸಾಹೇಬ್ರು ಚಕ್ರ ಬಿಚ್ಕೊಂಡು ಆಟೋದಲ್ಲಿ ಬಂದಿದ್ರು ಅಮ್ಮಾ. ಏನ್ ಸಾಬ್ ಇದು ಕೆಂಪು ಅಂದೆ. ನನ್ ಕೆಲ್ಸ ರಿಜೆಕ್ಟ್ ಆಯ್ತು ಅಂದ್ರು."

"ಅವರೇ ಹೇಳಿದ್ರಾ?"

"ಕಸಮ್ ಅಮ್ಮಾ, ಆಣೆಗೂ. ಎರಡು ಥರ ಟೈರ್ ತೋರಿಸ್ದೆ. ಒಂದು ಬೇಗ ಸವೆಯೋದು, ಒಂದು ಜಾಸ್ತಿ ಬರೋದು. ನಿಮಗೆ ಎಷ್ಟು ದಿನ ಬರಬೇಕು ಸಾಬ್ ಅಂತ ಕೇಳ್ದೆ. ಅದಕ್ಕೆ ಏನಂದ್ರು ಗೊತ್ತಾ? ನಮ್ಮನೆಯವಳದು ಇನ್ನೂ ನಾಲ್ಕು ವರ್ಷ ಸರ್ವಿಸ್ ಇದೆ, ಅಷ್ಟು ದಿನ ಬರೋದು ಕೊಡು, ಅಂದ್ರು."

ಯಜಮಾನರು ಮೂರು ಲೋಟ ಟೀ ಹಿಡಿದು ಬರುತ್ತಿದ್ದರು. ಭಾಯ್ ಗಾಳಿಯ ಪೈಪಿಗೆ ಕೈ ಹಾಕಿ ಏನೂ ಹೇಳದವರ ಹಾಗೆ ಕೂತರು. ನಾನು ಟೀ ತೆಗೆದುಕೊಂಡು ರಸ್ತೆಯ ಕಡೆ ತಿರುಗಿ ನಿಂತೆ. ಕಣ್ಣು ತುಂಬಿ ಬಂದಿತ್ತು, ಅವರಿಗೆ ತೋರಿಸಲು ಮನಸ್ಸಾಗಲಿಲ್ಲ. ಈ ಮನುಷ್ಯನನ್ನು ನಾನು ಎಷ್ಟು ಬೈದಿದ್ದೇನೆ, ಇವರಿಗಾಗಿ ಎಷ್ಟು ಸುಳ್ಳು ಹೇಳಿದ್ದೇನೆ, ಇವರೆಂದರೆ ನನಗೆ ಎಷ್ಟು ಇಷ್ಟ ಎಂದು ಅಲ್ಲಿ ಲಾರಿಗಳ ಧೂಳಿನಲ್ಲಿ ನಿಂತು ಅನ್ನಿಸಿತು.

ದಾರಿಯಲ್ಲಿ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. "ಯಾಕೆ ಸುಮ್ನಿದ್ದೀಯ?" ಎಂದು ಅವರೇ ಎರಡು ಸಲ ಕೇಳಿದರು. ಭದ್ರಾವತಿ ಬಂತು. ಬಸ್ ಸ್ಟ್ಯಾಂಡು ಬಂತು. ನಾನು ಚೀಲ ಸರಿಮಾಡಿಕೊಂಡು ಇಳಿಯಲು ಸಿದ್ಧಳಾದೆ. ಅವರು ನಿಲ್ಲಿಸಲಿಲ್ಲ. ಮುಂದಿನ ತಿರುವಿನಲ್ಲಿ ಫೌಂಡ್ರಿಯ ರಸ್ತೆಗೂ ಹೊರಳದೆ ಶಂಕರಘಟ್ಟದ ದಾರಿ ಹಿಡಿದರು.

"ರೀ, ಎಲ್ಲಿಗೆ? ನಿಮಗೆ ಹೊತ್ತಾಗುತ್ತೆ."

"ಹೊಸ ಟೈರು. ಮೊದಮೊದಲು ನಿಧಾನಕ್ಕೆ ಒಂದಷ್ಟು ದೂರ ಓಡಿಸಿ ಪಳಗಿಸ್ಬೇಕು" ಎಂದು ಹೆಲ್ಮೆಟ್ಟಿನೊಳಗಿಂದ ಕೂಗಿದರು.

ಹಿಂದೆ ಎಲ್ಲೋ ಫೌಂಡ್ರಿಯ ಸೈರನ್ ಆಯಿತು. ಮೂವತ್ತು ವರ್ಷದಲ್ಲಿ ಆ ಸೈರನ್ನಿಗೆ ಅವರು ತಡವಾದದ್ದಿಲ್ಲ. ನಾನು ಅದನ್ನು ನೆನಪಿಸಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದೆ.